ಮಳೆಗಾಲಕ್ಕೆ ಮುರುಮಿನ ದಾರಿ, ಚಳಿಗಾಲಕ್ಕೆ ಯರಿ ದಾರಿ

ಶನಿವಾರ ರಾತ್ರಿ ಮಳೆ ಸುರಿದರೆ ಭಾನುವಾರ ನನ್ನ ಸೈಕಲ್ ಬೀದರ್ ಬಿಟ್ಟು ಕೆಳಗಿಳಿಯುವುದಿಲ್ಲ. ನೌಬಾದ್, ಚಿಟ್ಟಾ ಕಡೆಯ ಕೆಂಪು ನೆಲದ ಮೇಲೆಯೇ ಸುತ್ತಾಡಿ ಬರುತ್ತೇನೆ. ನಾಲ್ಕೈದು ದಿನ ಚೆನ್ನಾಗಿ ಬಿಸಿಲು ಬಿದ್ದ ಮೇಲಷ್ಟೇ ಭಾಲ್ಕಿ, ಔರಾದ್ ಕಡೆ ಮುಖ ಮಾಡುವುದು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ಪಾಠ ಹೇಳಿಕೊಟ್ಟವರು ಸಂತಪೂರದ ಹತ್ತಿರದ ಒಬ್ಬ ರೈತರು.

ಅದು ಜುಲೈ ತಿಂಗಳು. ಹೆದ್ದಾರಿಯ ಲಾರಿಗಳ ಕಾಟ ತಪ್ಪಿಸಿಕೊಳ್ಳಲೆಂದು ಎಡಕ್ಕಿದ್ದ ಬಂಡಿದಾರಿ ಹಿಡಿದೆ. ಹಿಂದಿನ ರಾತ್ರಿಯ ಮಳೆ ಕುಡಿದು ನೆಲ ಮೇಲ್ನೋಟಕ್ಕೆ ಒಣಗಿದಂತೆ ಕಾಣುತ್ತಿತ್ತು. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಯರಿ ಎನ್ನುವ ಕರಿಮಣ್ಣು ಟೈರಿಗೆ ಹತ್ತಿ, ಬ್ರೇಕಿನ ಸಂದಿಗೆ ತುಂಬಿ, ಗಾಲಿ ತಿರುಗುವುದೇ ನಿಂತಿತು. ಸೋಯಾ ಹೊಲದ ಬದುವಿನ ಮೇಲೆ ಕುಳಿತಿದ್ದ ಕಾಕಾ ಎದ್ದು ಬಂದು, ಮಾತಾಡದೆ ಸೊಂಟದ ಖುರ್ಪಿ ತೆಗೆದು, ಗಾಲಿಯ ಸಂದಿಯ ಮಣ್ಣನ್ನು ಹೆಂಟೆಹೆಂಟೆಯಾಗಿ ಕೆರೆದು ಹಾಕಿದರು. ಆಮೇಲೆ ಹೇಳಿದರು:

“ಯರಿ ಹೊಲದಾಗ ಮಳಿ ಬಿದ್ದ ಮ್ಯಾಲ ಎರಡು ದಿನ ನಾವು ಎತ್ತು ಸುದ್ದಾ ಇಳಿಸಂಗಿಲ್ರಿ ಮಾಸ್ತರ್ರ. ಕೆಂಪು ನೆಲ ಕಾಣೋತನಕ ಹೆಗಲ ಮ್ಯಾಲ ಹೊತ್ಕೊಂಡು ನಡೀರಿ.”

ಹೊತ್ತುಕೊಂಡು ನಡೆದೆ. ಕೆಂಪು ಮುರುಮು ಹಾಕಿದ್ದ ಏರಿನ ಮೇಲೆ ಕಾಲಿಟ್ಟ ಕೂಡಲೇ ನೆಲ ಗಟ್ಟಿಯಾಯಿತು. ನೀರು ಇಂಗಿ ಹೋಗಿತ್ತು, ಗಾಲಿ ಸರಾಗವಾಗಿ ಓಡಿತು.

ಇಂಥ ಸವಾರಿಗೆ ಈಗ ‘ಗ್ರ್ಯಾವೆಲ್ ಸೈಕ್ಲಿಂಗ್’ ಎಂಬ ಹೆಸರಿದೆ. ಡಾಂಬರು ರಸ್ತೆಯ ವೇಗದ ಸೈಕಲ್ಲಿಗೂ ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್ಲಿಗೂ ನಡುವಿನದು ಇದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನ ಸುತ್ತಲ ಕಲ್ಲುದಾರಿಗಳಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಓಟ ಇದಕ್ಕೆ ದೊಡ್ಡ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ನಮ್ಮ ಜಿಲ್ಲೆಯ ಮಟ್ಟಿಗೆ ಅಷ್ಟು ದೊಡ್ಡ ಮಾತು ಬೇಕಿಲ್ಲ. 40 ಮಿಲಿಮೀಟರ್ ಅಗಲದ ಟೈರ್ ಇದ್ದು, ಗಾಳಿಯನ್ನು ಸ್ವಲ್ಪ ಕಡಿಮೆ ತುಂಬಿದರೆ ಸಾಕು. ಡಾಂಬರಿನ ಮೇಲೆ ಓಡಿಸುವವರು ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬುತ್ತಾರೆ. ಮುರುಮಿನ ಮೇಲೆ ಹಾಗೆ ತುಂಬಿದರೆ ಸೈಕಲ್ ಹರಳಿನಿಂದ ಹರಳಿಗೆ ಪುಟಿಯುತ್ತದೆ, ಮೊಣಕೈ ನೋಯುತ್ತದೆ. ನಾನು 35ರಿಂದ 40 ಪೌಂಡ್ ಒತ್ತಡಕ್ಕೆ ನಿಲ್ಲಿಸುತ್ತೇನೆ. ನಮ್ಮಲ್ಲಿ ದೊಡ್ಡ ಶತ್ರು ಜಾಲಿ ಮುಳ್ಳು. ಟ್ಯೂಬ್ ಇಲ್ಲದ ಟೈರಿನೊಳಗೆ ಹಾಕುವ ಹಾಲಿನಂಥ ಅಂಟು ದ್ರವ ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದೆ. ಅದಕ್ಕೆ ಖರ್ಚು ಮಾಡುವುದರಲ್ಲಿ ಹಿಂದೆಮುಂದೆ ನೋಡಬಾರದು.

ಬೀದರ್ ಊರು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಒಂದು ಹಾಸಿನ ಮೇಲಿದೆ. ಕೆಳಗೆ ದಖನ್ನಿನ ಕಪ್ಪು ಬಸಾಲ್ಟ್ ಬಂಡೆ. ಅದರ ಮೇಲೆ, ಕೆಲವೆಡೆ ನೂರು ಅಡಿಯಷ್ಟು ದಪ್ಪಕ್ಕೆ, ಜಂಬಿಟ್ಟಿಗೆಯ ಕೆಂಪು ಹೊದಿಕೆ. ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಬಂಡೆಯ ಉಳಿದ ಅಂಶವೆಲ್ಲ ಕರಗಿ ಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದದ್ದು ಈ ಕಲ್ಲು. ಜೇನುಹುಟ್ಟಿನಂತೆ ಇದರ ತುಂಬ ತೂತು. ಮಳೆನೀರು ತೂತಿನಿಂದ ತೂತಿಗೆ ಇಳಿದು, ಕೆಳಗಿನ ಬಂಡೆಗೆ ತಾಗಿ, ಹಾಸಿನ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾ ಎರಡರ ಗುಟ್ಟೂ ಇದೇ. ಬಹಮನಿಗಳ ಕಾಲದಲ್ಲಿ ನೌಬಾದಿನ ನೆಲದಡಿ ಸುರಂಗ ಬಾವಿ ಕೊರೆದವರು ಹಿಡಿದದ್ದೂ ಈ ನೀರನ್ನೇ. ಅದೇ ಕಲ್ಲು ಪುಡಿಯಾದರೆ ಮುರುಮು. ನೀರನ್ನು ಕೆಳಕ್ಕೆ ಬಿಟ್ಟುಕೊಟ್ಟು ತಾನು ಗಟ್ಟಿಯಾಗಿ ಕೂರುವ ಗುಣ ಅದರ ಪುಡಿಯಲ್ಲೂ ಉಳಿದಿದೆ.

ಹೀಗಾಗಿ ನನ್ನ ಮಳೆಗಾಲದ ದಾರಿ ನೌಬಾದಿನಿಂದ ಶುರು. ಬರೀದ್ ಶಾಹಿ ಗೋರಿಗಳನ್ನು ದಾಟಿ ಹೋದರೆ ಸುರಂಗ ಬಾವಿಯ ಗಾಳಿಕಿಂಡಿಗಳು ಒಂದರ ಹಿಂದೊಂದು ಸಾಲಾಗಿ ಸಿಗುತ್ತವೆ. ಮಕ್ಕಳನ್ನು ಒಮ್ಮೆ ಇಲ್ಲಿಗೆ ಕರೆತಂದಿದ್ದೆ. ಕಿಂಡಿಯ ಅಂಚಿಗೆ ಕಿವಿಯಿಟ್ಟು ಕೇಳಿದ ಹುಡುಗಿಯೊಬ್ಬಳು, “ಸರ್, ಒಳಗ ತಂಪು ಗಾಳಿ ಅದರಿ” ಎಂದಳು. ಆ ವರ್ಷ ಜಂಬಿಟ್ಟಿಗೆಯ ಪಾಠವನ್ನು ನಾನು ಬೋರ್ಡಿನ ಮೇಲೆ ಬರೆಯಲಿಲ್ಲ.

ಇನ್ನೊಂದು ಹಾದಿ ಅಷ್ಟೂರಿನದು. ಊರಿನಿಂದ ಪೂರ್ವಕ್ಕೆ ಚೌಖಂಡಿ ಎಂಬ ಗೋರಿಯ ಪಕ್ಕದಲ್ಲಿ ಇಳಿದರೆ ಬಹಮನಿ ಸುಲ್ತಾನರ ಗುಮ್ಮಟಗಳು. ಬೀದರನ್ನು ರಾಜಧಾನಿ ಮಾಡಿದ ಅಹಮದ್ ಶಾ ವಲಿಯ ಗೋರಿಯೂ ಇಲ್ಲಿದೆ. ಹೋಳಿಯ ಸುಮಾರಿಗೆ ಇಲ್ಲಿ ಉರುಸು ನಡೆಯುವಾಗ ಆಳಂದ ತಾಲ್ಲೂಕಿನ ಮಾಡ್ಯಾಳದ ಜಂಗಮರು ಭಕ್ತರೊಡನೆ ನಡೆದು ಬರುತ್ತಾರೆ. ಗುಮ್ಮಟಗಳ ಆಚೆ ಡಾಂಬರು ಬಿಟ್ಟು ಹೊಲದ ದಾರಿ ಹಿಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಗಾಡಿಯ ಸದ್ದಿಲ್ಲದ ದಾರಿಯಲ್ಲಿ ಅಷ್ಟು ದೂರ ನಡೆಯುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ.

ಕಾಡು ನೋಡಬೇಕೆಂದರೆ ಹೊನ್ನಿಕೇರಿ. ಮಲೆನಾಡಿನ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರಬೇಡಿ. ಬೇಸಿಗೆಗೆ ಎಲೆ ಉದುರಿಸಿ ಒಣಗಿ ನಿಲ್ಲುವ ಗಿಡಗಳು, ಕೆಂಪು ದಿನ್ನೆ, ಕುರುಚಲು. ಆಗಸ್ಟಿನಲ್ಲಿ ಅದೇ ದಿನ್ನೆ ಹಸಿರಿನಲ್ಲಿ ಮುಳುಗಿರುತ್ತದೆ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸೈಕಲ್ ಇಳಿಸಬಾರದು. ಸಿದ್ಧೇಶ್ವರ ಗುಡಿಗೆ ಹೋಗುವ ದಾರಿ, ಕಾಡಂಚಿನ ಹೊಲದ ದಾರಿಗಳೇ ಸಾಕು. ಬೀದರ್ ಸುತ್ತಲ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಸೈಕಲ್ಲಿಗೆ ಸದ್ದಿಲ್ಲದ್ದರಿಂದ ನಾವು ತೀರ ಹತ್ತಿರ ಹೋಗುವ ತನಕ ಅವು ನಮ್ಮನ್ನು ಗಮನಿಸುವುದಿಲ್ಲ, ಆಮೇಲೆ ಒಮ್ಮೆಲೇ ಬೆದರಿ ಓಡುತ್ತವೆ. ಗರ್ಭದ ಹೆಣ್ಣುಗಳಿರುವ ಹಿಂಡನ್ನು ಹಾಗೆ ಓಡಿಸುವುದು ಪಾಪ. ದೂರದಲ್ಲಿ ಕಂಡ ಕೂಡಲೇ ಇಳಿದು ನಿಲ್ಲುತ್ತೇನೆ.

ಅಲ್ಲಿಂದ ಹಲಬರ್ಗಾ ಮೇಲೆ ಭಾಲ್ಕಿಯ ಕಡೆ ಹೋದಂತೆ ನೆಲ ಕಪ್ಪಾಗುತ್ತದೆ, ಕಬ್ಬು ಎದ್ದು ನಿಲ್ಲುತ್ತದೆ. ಈ ದಾರಿಗಳಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಿಂದ ಹಂಚಿದ ಸೈಕಲ್ಲುಗಳನ್ನು ಇಂದಿಗೂ ಕಾಣುತ್ತೇನೆ. ಅಕ್ಕನದನ್ನು ತಂಗಿ ಓಡಿಸುತ್ತಾಳೆ, ಹಿಂದಿನ ಕ್ಯಾರಿಯರ್ ಮೇಲೆ ಮೇವಿನ ಹೊರೆ.

ಬಂಡಿದಾರಿಗಳು ದಿನೇ ದಿನೇ ಸಣ್ಣಗಾಗುತ್ತಿವೆ ಎಂಬುದು ನನ್ನ ಸಂಕಟ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಬಿಡಿಸಿ ನೋಡಿ: ಎರಡು ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂದೇ ಇದ್ದರೆ ಕಾಲುದಾರಿ. ನಕ್ಷೆಯಲ್ಲಿ ಎರಡು ಗೆರೆ ಇರುವಲ್ಲಿ ನೆಲದ ಮೇಲೆ ನನ್ನ ಸೈಕಲ್ಲಿಗೆ ಸಾಕಾಗುವಷ್ಟೇ ಜಾಗ ಉಳಿದದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ಎರಡೂ ಕಡೆಯ ಹೊಲದವರು ವರ್ಷಕ್ಕೊಂದು ಸಾಲು ಒಳಕ್ಕೆ ಉಳುತ್ತಾರೆ. ‘ನಮ್ಮ ಹೊಲ ನಮ್ಮ ರಸ್ತೆ’ಯಂಥ ಯೋಜನೆಯಲ್ಲಿ ಮುರುಮು ಬಿದ್ದ ಕಡೆ ದಾರಿ ಉಳಿದಿದೆ. ಸೈಕಲ್ಲಿನವರಿಗೆ ಹೊಸ ಹಾದಿ ಕಡಿದುಕೊಡಿ ಎಂದು ನಾನು ಕೇಳುವುದಿಲ್ಲ. ನಕ್ಷೆಯಲ್ಲಿರುವ ದಾರಿಗೆ ಅದರ ಅಗಲ ಮರಳಿಸಿ, ಹಳ್ಳ ದಾಟುವಲ್ಲಿ ಒಂದು ಸಿಮೆಂಟ್ ಕೊಳವೆ ಇಟ್ಟರೆ ರೈತನ ಎತ್ತಿನ ಗಾಡಿಗೂ ಶಾಲೆಯ ಹುಡುಗಿಗೂ ನನಗೂ ಅದೇ ದಾರಿ.

ಔರಾದಿಗೆ ಹೋಗಲು ಡಿಸೆಂಬರೇ ಒಳ್ಳೆಯ ಕಾಲ. ಆಗ ಯರಿಮಣ್ಣು ಒಣಗಿ, ಗಾಡಿಯ ಗಾಲಿಗಳು ಅರೆದು ಅರೆದು ದಾರಿ ಸಿಮೆಂಟಿನಂತಾಗಿರುತ್ತದೆ. ಕೌಠಾದ ಹತ್ತಿರ ಮಾಂಜರಾ ನದಿ ದಾಟಿ ಸಂತಪೂರದ ಕಡೆ ಏರಿದರೆ ತೊಗರಿ, ಕಡಲೆ, ಬಿಳಿಜೋಳದ ಹೊಲ. ಬಿರುಕುಗಳ ಮೇಲೆ ಮಾತ್ರ ಕಣ್ಣಿರಲಿ; ಗಾಲಿ ಉದ್ದಕ್ಕೆ ಸಿಕ್ಕಿಕೊಂಡರೆ ಬೀಳುವುದು ಖಂಡಿತ, ಬಿರುಕನ್ನು ಅಡ್ಡಲಾಗಿಯೇ ದಾಟಬೇಕು. ಎದುರಿಗೆ ದೇವಣಿ ಎತ್ತುಗಳ ಗಾಡಿ ಬಂದರೆ ಇಳಿದು ತಗ್ಗಿನ ಬದಿಗೆ ನಿಂತು, “ಬರ್ರಿ ಕಾಕಾ” ಎಂದು ಗಟ್ಟಿಯಾಗಿ ಕೂಗುತ್ತೇನೆ. ಮನುಷ್ಯನ ಧ್ವನಿ ಕೇಳಿದರೆ ಎತ್ತು ಬೆದರುವುದಿಲ್ಲ.

ಕಳೆದ ಎಳ್ಳಮಾವಾಸ್ಯೆಗೆ ಆ ಕಡೆಯೇ ಹೋಗಿದ್ದೆ. ಹೊಲ ಪೂಜಿಸುವ ದಿನ. ಊರಿಗೆ ಊರೇ ಹೊಲಕ್ಕೆ ಹೊರಟಿತ್ತು. ನಾನು ದಾರಿ ಬಿಟ್ಟು ನಿಂತೆ. ಗಾಡಿಗಳು ಒಂದೊಂದಾಗಿ ಹೋದವು, ಬುಟ್ಟಿಯ ಮೇಲೆ ಬಿಳಿ ಬಟ್ಟೆ, ಗಡಿಗೆಯಲ್ಲಿ ಅಂಬಲಿ. ಒಂದು ಗಾಡಿಯ ಎಡಗಡೆಯ ಎತ್ತು ನಿಂತು ನನ್ನ ಹ್ಯಾಂಡಲ್ ಮೂಸಿತು. ಗಾಡಿಯಲ್ಲಿದ್ದ ಅಜ್ಜಿ, “ಹಬ್ಬದ ದಿನ ರಸ್ತಾದಾಗ ನಿಂದ್ರಬಾರ್ದಪ್ಪಾ, ಹೊಲಕ್ಕ ಬಾ, ಭಜ್ಜಿ ಉಂಡು ಹೋಗು” ಎಂದಳು. ಗಾಡಿಯ ಹಿಂದೆ ಸೈಕಲ್ ತಳ್ಳಿಕೊಂಡು ನಡೆದೆ. ಗಾಲಿಗಳ ಎರಡು ಜಾಡಿನ ನಡುವೆ ನನ್ನ ಟೈರಿನದೊಂದು ಸಣ್ಣ ಗೆರೆ ಬೀಳುತ್ತಾ ಬಂತು.