ಹಾಲು ಹಾಕಲು ಬರುವ ಹೆಣ್ಣುಮಕ್ಕಳ ಮರ್ಯಾದೆ: ಸಂಘದ ರೂಢಿ ಬದಲಾಗಬೇಕು



ಹನಗೋಡು ಹೋಬಳಿಯೇ ಇರಲಿ, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ಊರುಗಳೇ ಇರಲಿ, ಬೆಳಗಿನ ಹೊತ್ತು ತಮ್ಮ ಸಂಘದ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ. ಹುಲ್ಲು ಕೊಯ್ದು ತರುವುದು, ಬೂಸಾ ಕಲಸುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಬಹುಪಾಲು ಅವರ ಕೈಯಲ್ಲೇ ಆಗುವ ಕೆಲಸ. ಹೊಗೆಸೊಪ್ಪಿನ ಕಾಲ ಬಂದರೆ ಸೊಪ್ಪು ಕಟ್ಟುವ ಕೆಲಸ ಬೇರೆ. ಇಷ್ಟೆಲ್ಲ ಮಾಡಿ ಹೊತ್ತಿಗೆ ಸರಿಯಾಗಿ ಡೈರಿಗೆ ಹಾಲು ತರುವ ಹೆಣ್ಣುಮಗಳು ಒಂದು ದಿನ ಬರುವುದನ್ನು ನಿಲ್ಲಿಸುತ್ತಾಳೆ. ಅವಳ ಬದಲು ಗಂಡ ಬರುತ್ತಾನೆ, ಇಲ್ಲವೇ ಶಾಲೆಗೆ ಹೋಗುವ ಮಗು ಬರುತ್ತದೆ. ಕೆಲವರು ಹಾಲನ್ನೇ ಖಾಸಗಿಯವರಿಗೆ ಹಾಕತೊಡಗುತ್ತಾರೆ. ಯಾಕವ್ವ ಎಂದು ಕೇಳಿದರೆ "ಮೈ ಸರಿಯಿಲ್ಲ" ಎಂಬ ಉತ್ತರ. ಕೇಳಿದವರೂ ಅಷ್ಟಕ್ಕೆ ಸುಮ್ಮನಾಗುತ್ತಾರೆ.

ಮೈ ಸರಿಯಿಲ್ಲದೆಯೂ ಇರಬಹುದು. ಆದರೆ ಸಂಘದ ಕಟ್ಟಡದೊಳಗೆ ಯಾರೋ ಆಡಿದ ಮಾತು, ಯಾರೋ ಮುಟ್ಟಿದ ಕೈ ಕಾರಣವಾಗಿದ್ದರೆ ಅದನ್ನು ಕಂಡುಹಿಡಿಯುವ ದಾರಿ ತಮ್ಮ ಸಂಘದಲ್ಲಿ ಇದೆಯೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾವುದೇ ಒಂದು ಊರಿನದಲ್ಲ, ವಿಷಯ ತಿಳಿಯಲೆಂದು ಹೇಳುತ್ತಿರುವುದು. ಸಾಲಿನಲ್ಲಿ ನಿಂತ ಒಬ್ಬಾಕೆಗೆ ಹಾಲು ಪರೀಕ್ಷೆ ಮಾಡುವವನು, "ಸ್ವಲ್ಪ ನಗ್ತಾ ಮಾತಾಡಿದ್ರೆ ಫ್ಯಾಟು ತಾನಾಗೇ ಏರ್ತದೆ ಕಣಕ್ಕ" ಎನ್ನುತ್ತಾನೆ. ಹಿಂದೆ ನಿಂತ ನಾಲ್ಕು ಜನ ನಗುತ್ತಾರೆ. ಆಕೆ ನಗುವುದಿಲ್ಲ. ಮಾರನೆಯ ವಾರ ಅವಳ ಹಾಲು ನೀರು ಬೆರೆತಿದೆ ಎಂದು ವಾಪಸ್ಸಾಗುತ್ತದೆ. ಸ್ಯಾಂಪಲ್ ಬಾಟಲಿ ತೆಗೆದುಕೊಳ್ಳುವಾಗ ಕೈ ಹಿಡಿಯುತ್ತಾನೆ. ಪಕ್ಕದ ಮನೆಯವಳಿಗೆ ಹೇಳಿಕೊಂಡರೆ, "ಅವ್ನು ಮೊದ್ಲಿಂದ್ಲೂ ಹಂಗೇ ಕಣವ್ವ, ತಮಾಷೆಗೆ ಅಂತಾನೆ, ದೊಡ್ಡದು ಮಾಡ್ಬೇಡ" ಎಂಬ ಸಮಾಧಾನ ಸಿಗುತ್ತದೆ. ಕಾರ್ಯದರ್ಶಿಗೆ ಹೇಳಿದರೆ, "ನೀವು ಸ್ವಲ್ಪ ತಡವಾಗಿ ಬನ್ನಿ, ಆಗ ನಾನಿರ್ತೀನಿ" ಎನ್ನುತ್ತಾರೆ. ತಪ್ಪು ಮಾಡಿದವನ ಹೊತ್ತು ಬದಲಾಗಲಿಲ್ಲ, ಅವಳ ಹೊತ್ತು ಬದಲಾಯಿತು!

ಇಲ್ಲಿ ಕೆಟ್ಟವನು ಒಬ್ಬನೇ ಎಂದು ತೋರುತ್ತದೆ. ಅವನನ್ನು ಕೆಲಸದಿಂದ ತೆಗೆದರೆ ತೀರಿತು ಎಂದೂ ತೋರುತ್ತದೆ. ಆದರೆ ಅವನ ಜಾಗಕ್ಕೆ ಬಂದವನಿಗೂ ಅದೇ ಅವಕಾಶ ಉಳಿದಿರುತ್ತದೆ. ಹಾಲಿನ ಬೆಲೆ ಒಬ್ಬನ ಕೈಯಲ್ಲಿದೆ. ಯಂತ್ರದಲ್ಲಿ ಬಂದ ಅಂಕಿ ಅವನಿಗೆ ಮಾತ್ರ ಕಾಣುತ್ತದೆ. ಸಾಲಿನಲ್ಲಿದ್ದವರು ನಗುತ್ತಾರೆ. ಹೇಳಿಕೊಂಡವಳಿಗೆ ಹೊಂದಿಕೊಂಡು ಹೋಗು ಎಂಬ ಬುದ್ಧಿವಾದ ಸಿಗುತ್ತದೆ. ಈ ರೂಢಿಯೇ ರೋಗದ ಬೇರು. ಕೆಚ್ಚಲು ಬಾವು ಬಂದಾಗ ತೊಟ್ಟಿಗೆ ಟ್ಯೂಬು ಏರಿಸುತ್ತೇವೆ. ಆದರೆ ಕೊಟ್ಟಿಗೆಯಲ್ಲಿ ಗಂಜಲ ನಿಂತೇ ಇದ್ದರೆ, ಕರೆಯುವವರ ಕೈ ಶುಚಿಯಿಲ್ಲದಿದ್ದರೆ, ಬಾವು ಇನ್ನೊಂದು ತೊಟ್ಟಿಗೆ ಬರುತ್ತದೆ, ಇನ್ನೊಂದು ಹಸುವಿಗೆ ಬರುತ್ತದೆ. ಅದರಲ್ಲೂ ಹೊರಗೆ ಕಾಣದ ಒಳಬಾವು ಇದೆಯಲ್ಲ, ಹಸು ಚೆನ್ನಾಗಿಯೇ ಕಾಣುತ್ತದೆ, ಹಾಲು ಮಾತ್ರ ಇಳಿಯುತ್ತಾ ಹೋಗುತ್ತದೆ. ದೂರು ಬಂದಿಲ್ಲವಾದ್ದರಿಂದ ನಮ್ಮ ಸಂಘದಲ್ಲಿ ಅಂಥದ್ದೇನೂ ಇಲ್ಲ ಎನ್ನುವ ಅಧ್ಯಕ್ಷರು ಈ ಒಳಬಾವನ್ನು ನೆನೆಯಬೇಕು.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ಕಾನೂನು ಬಂದದ್ದು ಪಟ್ಟಣದ ಕಚೇರಿಯಲ್ಲಿ ದುಡಿಯುವ ಹೆಂಗಸಿನಿಂದಲ್ಲ, ಹಳ್ಳಿಯ ಹೆಂಗಸಿನಿಂದ ಎಂಬುದು ಅನೇಕರಿಗೆ ತಿಳಿದಿಲ್ಲ. ರಾಜಸ್ಥಾನದ ಭಟೇರಿ ಗ್ರಾಮದ ಭನ್ವರಿ ದೇವಿ ಕುಂಬಾರ ಮನೆತನದವರು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಎಂಬ ಗ್ರಾಮ ಕಾರ್ಯಕರ್ತೆಯಾಗಿದ್ದರು. 1992ರಲ್ಲಿ, ಒಂದು ವರ್ಷವೂ ತುಂಬದ ಹೆಣ್ಣುಮಗುವಿನ ಮದುವೆಯನ್ನು ತಡೆಯಲು ಹೋದರು. ಅದು ಅವರ ಕೆಲಸವೇ ಆಗಿತ್ತು. ಊರು ತಿರುಗಿಬಿತ್ತು. ಅವರ ಮಡಕೆ ಕೊಳ್ಳುವುದನ್ನು ನಿಲ್ಲಿಸಿದರು, ಅವರ ಮನೆಗೆ ಹಾಲು ಮಾರುವುದನ್ನೂ ನಿಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರ ಮೇಲೆ ಗುಂಪಾಗಿ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆಪಾದನೆಯಿಂದ ಬಿಟ್ಟುಬಿಟ್ಟಿತು. ಕೆಲಸ ಮಾಡುವಾಗ ಹೆಣ್ಣಿಗೆ ಆಗುವ ಹಾನಿಗೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಹಿಡಿದು 'ವಿಶಾಖಾ' ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ತೀರ್ಪು ಕೊಟ್ಟಿತು. ಕೆಲಸ ಮಾಡಿಸುವವರೇ ಇದನ್ನು ತಡೆಯಬೇಕು, ದೂರು ಕೇಳಲು ಸಮಿತಿ ಇರಬೇಕು ಎಂದಿತು. ಅದೇ ಮುಂದೆ 2013ರ ಕಾಯ್ದೆಯಾಯಿತು. ಆ ವರ್ಷ ಡಿಸೆಂಬರ್ 9ರಿಂದ ಜಾರಿಯಲ್ಲಿದೆ.

ಇದು ಸರ್ಕಾರಿ ನೌಕರರ ಕಾಯ್ದೆ, ನಮಗೆ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 'ಕೆಲಸದ ಸ್ಥಳ' ಎಂದರೇನೆಂದು ವಿವರಿಸುವಲ್ಲಿ ಕಾಯ್ದೆ 'ಸಹಕಾರ ಸಂಘ' ಎಂಬ ಮಾತನ್ನೇ ಬಳಸಿದೆ. ಕೆಲಸದ ಮೇಲೆ ಹೋಗುವ ಜಾಗ, ಸಂಸ್ಥೆ ಒದಗಿಸಿದ ವಾಹನ, ಮನೆಯೂ ಅದರೊಳಗೆ ಬರುತ್ತವೆ. ಆದ್ದರಿಂದ ತರಬೇತಿಗೆ ಕರೆದೊಯ್ಯುವ ಜೀಪು, ಗರ್ಭಧಾರಣೆ ಮಾಡಿಸಲು ಕಾರ್ಯಕರ್ತ ಬರುವ ಕೊಟ್ಟಿಗೆ ಹೊರಗುಳಿಯುವುದಿಲ್ಲ. ನೊಂದ ಮಹಿಳೆ ಅಲ್ಲಿನ ಸಂಬಳದ ನೌಕರಳೇ ಆಗಿರಬೇಕೆಂದೂ ಇಲ್ಲ. ಹಾಲು ಹಾಕಲು ಬರುವ ಸದಸ್ಯೆಯೂ ದೂರು ಕೊಡಬಹುದು. ಮೈ ಮುಟ್ಟುವುದು, ಮೈಮೇಲೆ ಬೀಳುವುದು, ಲೈಂಗಿಕ ಬಯಕೆ ಮುಂದಿಡುವುದು, ಅಶ್ಲೀಲ ಮಾತು, ಮೊಬೈಲಿನಲ್ಲಿ ಅಶ್ಲೀಲ ಚಿತ್ರ ತೋರಿಸುವುದು, ಆಕೆಗೆ ಬೇಡವಾದ ಸನ್ನೆ ಇವೆಲ್ಲ ಕಿರುಕುಳವೇ. ಇದಕ್ಕೆ ಒಪ್ಪಿದರೆ ಫ್ಯಾಟು ಏರಿಸುತ್ತೇನೆ, ಒಪ್ಪದಿದ್ದರೆ ಹಾಲು ವಾಪಸ್ಸು ಎಂದು ಬಾಯಲ್ಲಿ ಹೇಳದೆ ಸೂಚಿಸಿದರೂ ಅಷ್ಟೇ.

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಒಕ್ಕೂಟದ ಡೇರಿ, ಶೀತಲೀಕರಣ ಕೇಂದ್ರಗಳಿಗೆ ಇದು ಅನ್ವಯಿಸುತ್ತದೆ. ಅದರ ಅಧ್ಯಕ್ಷತೆ ಮಹಿಳೆಯದೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ಸಮಿತಿ ರಚಿಸದಿದ್ದರೆ ರೂ. 50,000ವರೆಗೆ ದಂಡ. ಊರಿನ ಸಂಘದಲ್ಲಿ ಕಾರ್ಯದರ್ಶಿ, ಪರೀಕ್ಷಕ, ಸಹಾಯಕ ಎಂದು ಮೂರು ನಾಲ್ಕು ಮಂದಿ ಇರುವುದು ಸಾಮಾನ್ಯ. ಅಂಥ ಕಡೆಯವರಿಗಾಗಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇದೆ. ದೂರು ಸಂಘದ ಅಧ್ಯಕ್ಷರ ಮೇಲೆಯೇ ಇದ್ದರೂ ಅಲ್ಲಿಗೇ ಹೋಗಬೇಕು. ಪ್ರತಿ ತಾಲ್ಲೂಕಿನಲ್ಲೂ ದೂರು ಸ್ವೀಕರಿಸಿ ಏಳು ದಿನದೊಳಗೆ ಆ ಸಮಿತಿಗೆ ಕಳಿಸಲು ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳಿದೆ. ಇವು ಅನೇಕ ಕಡೆ ಕಾಗದದ ಮೇಲೆಯೇ ಉಳಿದದ್ದರಿಂದ ಸುಪ್ರೀಂ ಕೋರ್ಟು 2023ರಲ್ಲಿ ಒಮ್ಮೆ, 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಗಟ್ಟಿಯಾಗಿ ಆದೇಶ ಕೊಡಬೇಕಾಯಿತು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ನೋಡಲ್ ಅಧಿಕಾರಿ ಯಾರೆಂದು ವಿಚಾರಿಸಿ, ಹೆಸರು, ಫೋನ್ ನಂಬರನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲೇ ಬರೆಸಿ.

ಫಲಕ ಬರೆಸಿದ ಮಾತ್ರಕ್ಕೆ ರೂಢಿ ಬದಲಾಗುವುದಿಲ್ಲ. ಬದಲಾಗಲು ಏನು ಬೇಕೆಂಬುದಕ್ಕೆ ಪಕ್ಕದ ತಮಿಳುನಾಡಿನ ದಿಂಡಿಗಲ್ ಬಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸಂಗತಿ ನೋಡಿ. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ದುಡಿಯುವ ಹೆಣ್ಣುಮಕ್ಕಳೇ ಅಲ್ಲಿ ಹೆಚ್ಚು. 2021ರ ಜನವರಿಯಲ್ಲಿ ಅಲ್ಲಿ ದುಡಿಯುತ್ತಿದ್ದ ಎಳೆಯ ವಯಸ್ಸಿನ ದಲಿತ ಹೆಣ್ಣುಮಗಳ ಕೊಲೆಯಾಯಿತು, ಆಕೆಯ ಮೇಲ್ವಿಚಾರಕನ ಬಂಧನವಾಯಿತು. ಹೆಣ್ಣುಮಕ್ಕಳೇ ನಡೆಸುವ ಕಾರ್ಮಿಕ ಸಂಘ ಪಟ್ಟು ಹಿಡಿದು ಹೋರಾಡಿತು. 2022ರಲ್ಲಿ ಕಾರ್ಖಾನೆಯೊಡನೆಯೂ, ಅಲ್ಲಿಂದ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳೊಡನೆಯೂ ಒಪ್ಪಂದವಾಯಿತು. ಕೆಲಸಗಾರ್ತಿಯರ ನಡುವಿನಿಂದಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ಕಿರುಕುಳ ಕಂಡಲ್ಲಿ ಹೇಳುವ ಅಧಿಕಾರ ಕೊಟ್ಟರು. ಹೇಳಿದವರ ಮೇಲೆ ಸೇಡು ತೀರಿಸುವಂತಿಲ್ಲ ಎಂದು ಬರೆದುಕೊಂಡರು. ಕಾರ್ಖಾನೆ ಮಾತು ತಪ್ಪಿದರೆ ವ್ಯಾಪಾರಕ್ಕೆ ಪೆಟ್ಟು. ಇಲ್ಲಿ ಗಮನಿಸಬೇಕಾದದ್ದು, ನೋಡುವ ಕಣ್ಣು ಮೇಲಿನ ಅಧಿಕಾರಿಯದಾಗಿರಲಿಲ್ಲ, ಪಕ್ಕದ ಮೆಷಿನ್ನಿನಲ್ಲಿ ಕೂತವಳದಾಗಿತ್ತು. ನಮ್ಮ ಸಂಘಗಳಿಗೆ ಹೊರಗಿನ ಕಂಪನಿ ಬೇಕಿಲ್ಲ. ಮಾಲೀಕರು ತಾವೇ, ಮಹಾಸಭೆಯೂ ತಮ್ಮದೇ.

ಮೊದಲ ಕೆಲಸ ಪರೀಕ್ಷೆ ನಡೆಯುವ ಜಾಗದಲ್ಲೇ ಇದೆ. ಯಂತ್ರದ ಅಂಕಿ ಹಾಲು ಹಾಕಿದವರಿಗೂ ಕಾಣುವಂತೆ ತಿರುಗಿಸಿಡಬೇಕು, ಚೀಟಿ ಕೈಗೆ ಕೊಡಬೇಕು. ಹಾಲು ವಾಪಸ್ಸು ಮಾಡುವುದಿದ್ದರೆ ಇನ್ನೊಬ್ಬ ಸದಸ್ಯರ ಎದುರಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿ, ಕಾರಣ ಬರೆದು ಸಹಿ ಹಾಕಬೇಕು. ಇದರಿಂದ ಪ್ರಾಮಾಣಿಕ ಪರೀಕ್ಷಕನಿಗೂ ರಕ್ಷಣೆ. ಒಬ್ಬನ ಮರ್ಜಿಗೆ ಬಿಟ್ಟದ್ದು ಕಡಿಮೆಯಾದಷ್ಟೂ ಕಿರುಕುಳಕ್ಕೆ ಎಡೆ ಕಡಿಮೆ. ಸಂಜೆ ಹಾಲಿನ ಹೊತ್ತಿಗೆ ಬಾಗಿಲಲ್ಲೂ ದಾರಿಯಲ್ಲೂ ದೀಪ ಉರಿಯಬೇಕು. ಒಬ್ಬಂಟಿ ಹೆಂಗಸನ್ನು ಲೆಕ್ಕದ ನೆಪದಲ್ಲಿ ಒಳಕೋಣೆಗೆ ಕರೆಯುವ ಪದ್ಧತಿ ನಿಲ್ಲಬೇಕು.

ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಆದರೆ ಸಭೆಗೆ ಬಂದು ಕೂರುವವರು ಯಾರು? ಎಷ್ಟೋ ಕಡೆ ನಿರ್ದೇಶಕಿಯ ಗಂಡ! ಸಹಿ ಮಾತ್ರ ಆಕೆಯದು. ಮಹಿಳಾ ಸಂಘಗಳಲ್ಲಿಯೂ ಈ ಜಾಡ್ಯ ಇಲ್ಲವೆನ್ನಲಾಗದು. ನೊಂದವಳು ತನ್ನ ಮಾತನ್ನು ಯಾರದೋ ಗಂಡನ ಮುಂದೆ ಹೇಳಬೇಕಾದರೆ ಆಕೆ ಹೇಳುವುದಿಲ್ಲ. ನಿರ್ದೇಶಕಿಯರೇ ಸಭೆಗೆ ಬರಲಿ. ಅವರಲ್ಲಿ ಒಬ್ಬರನ್ನು, ಸದಸ್ಯೆಯರು ನಂಬುವ ಇನ್ನೊಬ್ಬರನ್ನು, ಮೊದಲು ಹೇಳಿಕೊಳ್ಳಬೇಕಾದವರು ಎಂದು ಠರಾವು ಮಾಡಿ ಗೊತ್ತುಮಾಡಿ.

ಇನ್ನು ಗಂಡಸರಿಗೆ ಒಂದು ಮಾತು. ಸಾಲಿನಲ್ಲಿ ನಿಂತು ನಗುವ ನಾಲ್ವರಲ್ಲಿ ಒಬ್ಬರು, "ಏಯ್, ಹಂಗೆಲ್ಲಾ ಮಾತಾಡ್ಬೇಡ, ಅಳೆಯೋ ಕೆಲ್ಸ ನೋಡು" ಎಂದರೆ ಸಾಕು, ಆ ಮಾತಿಗಿದ್ದ ಬೆಲೆ ಅಲ್ಲೇ ಬಿದ್ದುಹೋಗುತ್ತದೆ. ಅಷ್ಟು ಹೇಳಲು ಕಾಯ್ದೆ ಓದಿರಬೇಕಾಗಿಲ್ಲ. ಸುಳ್ಳು ದೂರು ಕೊಟ್ಟು ಮರ್ಯಾದೆ ಕಳೆದರೆ ಏನು ಗತಿ ಎಂದು ಕೇಳುವವರಿದ್ದಾರೆ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಕ್ರಮ ಉಂಟು. ಆದರೆ ಸಾಕ್ಷಿ ಸಾಲದೆ ಹೋದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದೂ ಕಾಯ್ದೆ ಹೇಳಿದೆ. ಎರಡೂ ಕಡೆಯವರ ಹೆಸರನ್ನು ಬಹಿರಂಗ ಮಾಡುವಂತಿಲ್ಲ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿ ಇಷ್ಟು ದಂಡ ಕಟ್ಟು ಎಂದು ಮುಗಿಸುವ ಹಳೆಯ ಚಾಳಿ ಇಲ್ಲಿ ನಡೆಯದು. ಆಕೆಯೇ ಕೇಳಿದರೆ ಮಾತ್ರ ಸಮಿತಿ ರಾಜಿ ಮಾಡಿಸಬಹುದು, ಆ ರಾಜಿಗೂ ಹಣ ಆಧಾರವಾಗಕೂಡದು.

ದೂರು ಕೊಡುವವರು ತಿಳಿದಿರಬೇಕಾದ ವಿವರ ಇಷ್ಟು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದುಕೊಡಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳವರೆಗೆ ಸಮಿತಿ ಒಪ್ಪಬಹುದು. ಬರೆಯಲು ಬಾರದವರಿಗೆ ಬರೆದುಕೊಳ್ಳಲು ಸಮಿತಿಯೇ ನೆರವು ಕೊಡಬೇಕು. ದಿನಾಂಕ, ಹೊತ್ತು, ಅಲ್ಲಿ ಯಾರಿದ್ದರು ಎಂಬುದನ್ನು ಅಂದೇ ಗುರುತು ಹಾಕಿಟ್ಟುಕೊಳ್ಳಿ. ಹಾಲಿನ ಚೀಟಿಗಳನ್ನು ಬಿಸಾಡಬೇಡಿ, ಫ್ಯಾಟಿನ ಅಂಕಿ ಇದ್ದಕ್ಕಿದ್ದಂತೆ ಇಳಿದಿದ್ದರೆ ಅದೂ ಒಂದು ಸಾಕ್ಷಿ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿ ಬಂದ 60 ದಿನಗಳೊಳಗೆ ಕ್ರಮವಾಗಬೇಕು. ಇದಲ್ಲದೆ ಪೊಲೀಸರಿಗೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ, ಮೈ ಮುಟ್ಟುವುದು ಮುಂತಾದವಕ್ಕೆ ಮೂರು ವರ್ಷದವರೆಗೆ ಸಜೆ ಇದೆ. ಹಾಲು ತಂದ ಹುಡುಗಿಗೆ 18 ತುಂಬಿಲ್ಲದಿದ್ದರೆ 2012ರ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ, ಆಗ ವಿಷಯ ಗೊತ್ತಿದ್ದೂ ಮುಚ್ಚಿಡುವುದೇ ಅಪರಾಧ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಮುಂದಿನ ವಾರ್ಷಿಕ ಮಹಾಸಭೆಯ ನೋಟೀಸು ಬಂದಾಗ ಕಾರ್ಯಸೂಚಿಯಲ್ಲಿ ಬೋನಸ್ಸು, ಲೆಕ್ಕಪತ್ರದ ಜೊತೆಗೆ ಈ ವಿಷಯವೂ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಬೇಕೆಂದು ಕಾರ್ಯದರ್ಶಿಯವರಿಗೆ ಮುಂಚಿತವಾಗಿಯೇ ಬರೆದುಕೊಡಿ, ಅರ್ಜಿ ತಲುಪಿದ್ದಕ್ಕೆ ಸಹಿ ಪಡೆಯಿರಿ.