ಆಲ್ಡಿಹೈಡು ಎಂಬ ವಿಷವೂ ಅದನ್ನು ಕಟ್ಟಿಹಾಕುವ ಔಷಧಿಗಳೂ

ಬಾಣಲೆಯ ಎಣ್ಣೆ ಹೊಗೆಯಾಡತೊಡಗಿದಾಗ ಕಣ್ಣು ಉರಿದು ಗಂಟಲಿಗೆ ಘಾಟು ಏರುವುದು ಹೋಟೆಲು ಕಸುಬಿನಲ್ಲಿರುವ ನಮ್ಮವರಿಗೆ ಚಿರಪರಿಚಿತವಾದ ಅನುಭವ. ಆ ಘಾಟಿಗೆ ಮುಖ್ಯ ಕಾರಣವಾದ ವಸ್ತುವಿನ ಹೆಸರು ಅಕ್ರೋಲಿನ್. ಅದು ಆಲ್ಡಿಹೈಡುಗಳೆಂಬ ರಾಸಾಯನಿಕ ಕುಲಕ್ಕೆ ಸೇರಿದ್ದು. ಸೋಜಿಗವೆಂದರೆ, ಬಾಣಲೆಯ ಹತ್ತಿರ ಎಂದೂ ಸುಳಿಯದವರ ಶರೀರದಲ್ಲಿಯೂ ಈ ಕುಲದ ವಸ್ತುಗಳು ಹಗಲಿರುಳೂ ಹುಟ್ಟುತ್ತಿರುತ್ತವೆ. ಕಂಪವಾತ, ಮುಪ್ಪಿನ ಮರೆವು, ಮಧುಮೇಹದಿಂದ ಕೆಡುವ ಮೂತ್ರಪಿಂಡ, ಹೀಗೆ ಅಂಗಗಳನ್ನು ಮೆಲ್ಲಮೆಲ್ಲನೆ ಸವೆಸುವ ಕಾಯಿಲೆಗಳಲ್ಲಿ ಇವುಗಳ ಕೈವಾಡವಿದೆಯೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಹಾಗಾದರೆ ಇವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಔಷಧಿ ಉಂಟೇ? ಮನೆಯಲ್ಲಿ ಇಂಥ ರೋಗಿಯಿರುವವರು ಕೇಳುವ ಪ್ರಶ್ನೆ ಇದು. ದುಬಾರಿ ಸೀಸೆಗಳನ್ನು ಮಾರುವವರು ಉತ್ತರಿಸಲು ತವಕಿಸುವ ಪ್ರಶ್ನೆಯೂ ಇದೇ.

ಜೀವಕೋಶಗಳ ಪೊರೆಯಲ್ಲಿ ಕೊಬ್ಬಿನಂಶವಿದೆ. ಹಳೆಯ ಎಣ್ಣೆ ಕಮಟುವಂತೆ ಆಮ್ಲಜನಕದ ದಾಳಿಯಿಂದ ಈ ಕೊಬ್ಬೂ ಕೆಡುತ್ತದೆ. ಆಗ ಹೈಡ್ರಾಕ್ಸಿನೊನೆನಾಲ್ ಮೊದಲಾದ ಆಲ್ಡಿಹೈಡುಗಳು ಉಂಟಾಗುತ್ತವೆ. ಸಕ್ಕರೆ ಉರಿದು ಶಕ್ತಿಯಾಗುವಾಗ ಮೀಥೈಲ್‌ಗ್ಲೈಆಕ್ಸಾಲ್ ಉಪಪದಾರ್ಥವಾಗಿ ಹುಟ್ಟುತ್ತದೆ. ಮೆದುಳಿನಲ್ಲಿ ಡೋಪಮೀನ್ ಕೆಲಸ ಮುಗಿಸಿ ವಿಲೇವಾರಿಯಾಗುವಾಗ ಡೋಪಾಲ್ ಎಂಬ ಆಲ್ಡಿಹೈಡು ನಡುವೆ ಬಂದುಹೋಗುತ್ತದೆ. ಇವೆಲ್ಲವುಗಳ ಸಮಾನ ದುರ್ಗುಣ ಅಂಟಿಕೊಳ್ಳುವುದು. ವೈದ್ಯಕೀಯ ಕಾಲೇಜುಗಳಲ್ಲಿ ಅಂಗಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣವನ್ನು ನೆನೆಯಿರಿ. ಅದರಲ್ಲಿರುವುದು ಫಾರ್ಮಾಲ್ಡಿಹೈಡು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಅಂಗವನ್ನು ಗಡಸುಗೊಳಿಸುತ್ತದೆ. ಅಂಥದೇ ಬೆಸುಗೆ ಜೀವಂತ ನರಕೋಶದೊಳಗೆ ಅಣುಮಾತ್ರವಾಗಿ, ವರ್ಷಗಟ್ಟಲೆ ನಡೆದರೆ ಏನಾದೀತೆಂಬುದನ್ನು ಊಹಿಸಬಹುದು.

ದೇಹ ಕೈಕಟ್ಟಿ ಕುಳಿತಿಲ್ಲ. ಆಲ್ಡಿಹೈಡುಗಳನ್ನು ನಿರುಪದ್ರವಿ ಆಮ್ಲವಾಗಿಸುವ ಕಿಣ್ವಗಳಿವೆ. ಗಂಧಕವುಳ್ಳ ಗ್ಲುಟಥಯೋನ್ ಎಂಬ ಕಾವಲುಗಾರನೂ ಇದ್ದಾನೆ. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ.

ಈ ಪ್ರಶ್ನೆಯ ಒಂದು ಮುಖ ನಮ್ಮ ನೆರೆಯಲ್ಲಿಯೇ ಅಧ್ಯಯನಕ್ಕೊಳಗಾಗಿದೆ. ಪವಾಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಸಮೀರ್ ಮಾಜಿಯವರ ತಂಡ ಕಂಪವಾತದಲ್ಲಿ ಗಂಟುಕಟ್ಟುವ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನನ್ನು ಶೋಧಿಸುತ್ತ ಬಂದಿದೆ. ಈ ಪ್ರೋಟೀನು ಮೊದಲು ದ್ರವದ ಹನಿಗಳಂತೆ ಕೂಡಿಕೊಂಡು, ಬಳಿಕ ಗಟ್ಟಿಯಾಗಿ ನಾರಾಗುತ್ತದೆಂದು ಅವರು 2020ರಲ್ಲಿ ಪ್ರಕಟಿಸಿದರು. ಡೋಪಾಲ್ ಇದೇ ಪ್ರೋಟೀನಿಗೆ ಅಂಟಿ ಗುಂಪುಗೂಡಿಸುತ್ತದೆಂದು ಬೇರೆ ಪ್ರಯೋಗಶಾಲೆಗಳು ತೋರಿಸಿವೆ.

ಇನ್ನು ಔಷಧಿಯ ವಿಚಾರ. ಆಲ್ಡಿಹೈಡನ್ನು ಹಿಡಿಯುವುದರಲ್ಲಿ ನಿಸ್ಸಂದೇಹವಾಗಿ ಗೆದ್ದದ್ದು ಮೆಸ್ನಾ. ಐಫಾಸ್ಫಮೈಡ್, ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧಿಗಳು ದೇಹದಲ್ಲಿ ಒಡೆದಾಗ ಹುಟ್ಟುವುದು, ಬಾಣಲೆಯ ಅದೇ ಅಕ್ರೋಲಿನ್! ಅದು ಮೂತ್ರಾಶಯದಲ್ಲಿ ಸೇರಿ ಒಳಪದರವನ್ನು ಸುಟ್ಟು ರಕ್ತಸ್ರಾವ ತರುತ್ತದೆ. ಜೊತೆಗೆ ಕೊಟ್ಟ ಮೆಸ್ನಾ ತನ್ನ ಗಂಧಕದ ಕೈಯಿಂದ ಅದನ್ನು ಹಿಡಿದು ಮೂತ್ರದೊಡನೆ ಹೊರಹಾಕುತ್ತದೆ. ಇಲ್ಲಿ ವಿಷ ಹುಟ್ಟುವ ಗಳಿಗೆ ಗೊತ್ತು, ಸೇರುವ ಜಾಗ ಗೊತ್ತು. ಔಷಧಿ ಮೊದಲೇ ಹೋಗಿ ಕಾದಿರಬಲ್ಲದು.

ಸವೆತದ ರೋಗಗಳಲ್ಲಿ ಈ ಅನುಕೂಲವಿಲ್ಲ. ಮಧುಮೇಹಿಗಳ ರಕ್ತನಾಳವನ್ನು ಅಮೈನೋಗ್ವಾನಿಡೀನ್ ಕಾಪಾಡೀತೆಂದು 1986ರಲ್ಲಿ ಇಲಿಗಳ ಪ್ರಯೋಗದಿಂದ ಬಹಳ ಆಸೆ ಹುಟ್ಟಿತ್ತು. ಮೂತ್ರಪಿಂಡ ಕೆಟ್ಟಿದ್ದ 690 ಮಧುಮೇಹಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2004ರಲ್ಲಿ ಹೊರಬಂದಾಗ, ಮೂತ್ರದಲ್ಲಿ ಪ್ರೋಟೀನು ಸೋರುವುದು ಕಡಿಮೆಯಾದರೂ ಮುಖ್ಯ ಗುರಿ ಈಡೇರಿರಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ತೊಂದರೆಗಳೂ ಕಂಡಿದ್ದವು. ಒಣಗಣ್ಣಿಗೆಂದು ಆಲ್ಡಿಹೈಡು ಹಿಡಿಯುವ ರೆಪ್ರಾಕ್ಸಲಾಪ್ ಎಂಬ ಹನಿಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲೂ 2025ರ ಏಪ್ರಿಲಿನಲ್ಲೂ ಒಪ್ಪದೆ ಹಿಂದಿರುಗಿಸಿತು. ಮೆದುಳಿನ ಮಾತು ಇನ್ನೂ ಕಠಿಣ. ಔಷಧಿ ರಕ್ತದಿಂದ ಮೆದುಳಿಗೆ ದಾಟಬೇಕು; ಕೈ ನಡುಗುವ ಹೊತ್ತಿಗಂತೂ ಡೋಪಮೀನ್ ತಯಾರಿಸುವ ನರಕೋಶಗಳ ದೊಡ್ಡ ಪಾಲು ನಾಶವಾಗಿರುತ್ತದೆ. ಆದುದರಿಂದ ಆಲ್ಡಿಹೈಡು ನಿವಾರಕವೆಂದು ಕಾರ್ನೊಸಿನ್ ಮುಂತಾದ ಮಾತ್ರೆಗಳಿಗೆ ತಿಂಗಳ ಸಂಬಳದ ಪಾಲು ಸುರಿಯುವುದು, ನನ್ನ ದೃಷ್ಟಿಯಲ್ಲಿ, ಸಲ್ಲದ ವೆಚ್ಚ.

ಹೊರಗಿನಿಂದ ಬರುವ ಪಾಲನ್ನು ಕಡಿಮೆ ಮಾಡುವುದಾದರೋ ನಮ್ಮ ಕೈಯಲ್ಲಿದೆ. ತಂಬಾಕಿನ ಹೊಗೆಯಲ್ಲಿ ಅಕ್ರೋಲಿನ್ ಇದೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡು ಆಗುತ್ತದೆ. ಮತ್ತೆಮತ್ತೆ ಕಾಯಿಸಿದ ಎಣ್ಣೆಯ ಕೆಡುಕನ್ನು ಅಳೆಯಲು 2018ರ ಜುಲೈ 1ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಶೇಕಡಾ 25ರ ಧ್ರುವೀಯ ಸಂಯುಕ್ತಗಳ ಮಿತಿಯನ್ನು ವಿಧಿಸಿದೆ. ಒಲೆಯ ಮೇಲೆ ಹೊಗೆ ಸೆಳೆಯುವ ಫ್ಯಾನು ಅಡಿಗೆಯವನ ಶ್ವಾಸಕೋಶಕ್ಕೆ ಮೆಸ್ನಾದಷ್ಟೇ ಬೆಲೆಯುಳ್ಳದ್ದು.

ಇದನ್ನೋದಿದ ಕಂಪವಾತದ ರೋಗಿಯ ಮನೆಯವರಿಗೆ ಒಂದು ಅನುಮಾನ ಬರಬಹುದು: ಡಾಕ್ಟರು ಕೊಡುವ ಲಿವೊಡೋಪಾ ಮೆದುಳಿನಲ್ಲಿ ಡೋಪಮೀನ್ ಆಗುವುದಷ್ಟೆ, ಅದರಿಂದಲೂ ವಿಷ ಹುಟ್ಟದೇ? ನೆದರ್ಲೆಂಡ್ಸ್‌ನಲ್ಲಿ 445 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಮಾತ್ರೆಯನ್ನು ಬೇಗ ಆರಂಭಿಸಿದವರಿಗೂ 40 ವಾರ ತಡೆದು ಆರಂಭಿಸಿದವರಿಗೂ 80 ವಾರಗಳ ಕೊನೆಗೆ ರೋಗದ ಮಟ್ಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ನಡೆಯುತ್ತಿರುವ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ವಿಪರೀತ ಜ್ವರವೇರಿ, ಮೈ ಮರಗಟ್ಟಿ, ಪ್ರಾಣಕ್ಕೇ ಅಪಾಯ ಬರಬಹುದು.