ಕಾಗೆಯು ಬಳಗವನ್ನು ಕರೆಯುವುದೇಕೆ?

ಆಹಾರವನ್ನು ಕಂಡೊಡನೆ ಕಾಗೆಯು ತನ್ನವರನ್ನೆಲ್ಲ ಕೂಗಿ ಕರೆಯುವುದೆಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಂಚಿ ಉಣ್ಣುವ ಗುಣಕ್ಕೆ ನಮ್ಮ ಹಿರಿಯರು ಈ ಪಕ್ಷಿಯನ್ನೇ ಮಾದರಿಯಾಗಿ ತೋರಿಸಿದರು. ಆದರೆ ಆ ಕೂಗು ಔದಾರ್ಯದಿಂದ ಹೊರಡುವುದೋ ಅಥವಾ ಬೇರೊಂದು ಕಾರಣದಿಂದಲೋ ಎಂದು ವಿಚಾರಿಸಿದವರು ವಿರಳ. ಈ ಪ್ರಶ್ನೆಯ ಬೆನ್ನು ಹತ್ತಿ ವಿದ್ವಾಂಸರೊಬ್ಬರು ಹಲವು ಚಳಿಗಾಲಗಳನ್ನು ಹಿಮದ ಕಾಡಿನಲ್ಲಿ ಕಳೆದ ವೃತ್ತಾಂತವು ವಾಚಕರಿಗೆ ರುಚಿಸದೆ ಇರಲಾರದು.

ಅಮೇರಿಕೆಯ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಬರ್ನ್ಡ್ ಹೈನ್ರಿಖ್ ಮಹಾಶಯರು 1984ರ ಸುಮಾರಿಗೆ ಮೇಯ್ನ್ ಸಂಸ್ಥಾನದ ಅರಣ್ಯದಲ್ಲಿ ದ್ರೋಣಕಾಕಗಳನ್ನು ಪರಿಶೀಲಿಸತೊಡಗಿದರು. ಇಂಗ್ಲಿಷಿನಲ್ಲಿ ರೇವನ್ ಎನಿಸಿಕೊಳ್ಳುವ ಈ ಪಕ್ಷಿಯು ನಮ್ಮ ಊರಕಾಗೆಯ ಹಿರಿಯ ದಾಯಾದಿ. ತೂಕ ಒಂದು ಕಿಲೋಗ್ರಾಮಿಗೂ ಮಿಗಿಲು, ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಯಷ್ಟು ಅಗಲ. ಭಾರತದಲ್ಲಿ ಹಿಮಾಲಯದ ಎತ್ತರದಲ್ಲಿಯೂ ರಾಜಸ್ಥಾನದ ಮರುಭೂಮಿಯಲ್ಲಿಯೂ ಇದು ಕಾಣಸಿಗುತ್ತದೆ. ಅನ್ನವೇ ದುರ್ಲಭವಾದ ಚಳಿಗಾಲದಲ್ಲಿ ಸತ್ತ ಮೃಗವೊಂದನ್ನು ಕಂಡ ಪಕ್ಷಿಯು ಸುಮ್ಮನೆ ತಿನ್ನುವುದನ್ನು ಬಿಟ್ಟು ಪರರನ್ನೇಕೆ ಕರೆಯಬೇಕೆಂಬುದೇ ಅವರ ಸಂದೇಹ.

ಮಾಂಸದ ರಾಶಿಗಳನ್ನಿಟ್ಟು, ಪಕ್ಷಿಗಳಿಗೆ ಗುರುತು ಕಟ್ಟಿ ನೋಡಿದಾಗ ಗುಟ್ಟು ತಿಳಿಯಿತು. ಪ್ರಾಯದ ಜೋಡಿಗಳು ತಮ್ಮ ತಮ್ಮ ಸೀಮೆಯನ್ನು ಕಾಯುತ್ತ, ಅಲ್ಲಿ ದೊರೆತ ಆಹಾರವನ್ನು ಸದ್ದಿಲ್ಲದೆ ಭುಂಜಿಸುತ್ತವೆ. ಕೂಗುವವು ನೆಲೆಯಿಲ್ಲದೆ ಅಲೆಯುವ ಎಳೆಯ ಪಕ್ಷಿಗಳು. ಅವು ಒಂದೋ ಎರಡೋ ಬಂದರೆ ಸೀಮೆಯ ಒಡೆಯರು ಅಟ್ಟಿಬಿಡುವರು. ಗುಂಪಾಗಿ ಬಂದರೆ ಅಟ್ಟಲಾರರು. ಆ ಕೂಗು ಒಬ್ಬಂಟಿಯಾದ ದುರ್ಬಲನು ತನ್ನಂತಹವರನ್ನು ಕೂಡಿಸುವ ಕರೆಯೇ ಆಗಿತ್ತು.

ಹೀಗೆ ಕೂಡಿ ಗೆದ್ದ ಪಕ್ಷಿಗಳೇ ತಮ್ಮ ಪಾಲನ್ನು ಒಯ್ದು ಒಂದಕ್ಕೊಂದು ತಿಳಿಯದಂತೆ ಬಚ್ಚಿಡುತ್ತವೆ. ಥಾಮಸ್ ಬುಗ್ನ್ಯಾರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ವಿಚಿತ್ರವಾದುದು. ಗೋಡೆಯ ರಂಧ್ರದಲ್ಲಿ ಇಣುಕಿ ನೋಡಲು ತಾನೇ ಕಲಿತಿದ್ದ ದ್ರೋಣಕಾಕವು, ಆ ರಂಧ್ರ ತೆರೆದಿದ್ದು ಅತ್ತಣಿಂದ ಬೇರೆ ಕಾಗೆಯ ಧ್ವನಿ ಕೇಳಿಸಿದರೆ, ಯಾರೋ ನೋಡುತ್ತಿರುವರೆಂದೇ ಬಗೆದು ಎಚ್ಚರಿಕೆಯಿಂದ ಆಹಾರವನ್ನು ಅಡಗಿಸಿತು. ಅಲ್ಲಿದ್ದುದು ಮುದ್ರಿತ ಧ್ವನಿ ಮಾತ್ರ! ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ (2017) ಐದು ಪಕ್ಷಿಗಳು ಮುಂದೆ ಬೇಕಾಗುವ ಉಪಕರಣವನ್ನೂ, ಆಹಾರಕ್ಕೆ ಬದಲಾಗಿ ಕೊಡತಕ್ಕ ಬಿಲ್ಲೆಯನ್ನೂ ಆರಿಸಿಟ್ಟುಕೊಂಡವು. ಕಾಯಬೇಕಾದ ಅವಧಿ 17 ಗಂಟೆಗಳವರೆಗೂ ಇತ್ತು. ಇಷ್ಟೆಲ್ಲ ಮಾಡುವ ಮಿದುಳಿನ ತೂಕ ಸುಮಾರು 15 ಗ್ರಾಂ!

ಇದರಿಂದ ಕಾಗೆಯ ಹಿರಿಮೆಯು ಕುಂದಿತೆನ್ನಬೇಕೆ? ನಮಗೆ ಹಾಗೆ ತೋರುವುದಿಲ್ಲ. ಒಬ್ಬನಿಗೆ ದಕ್ಕದ ಅನ್ನವು ಕೂಡಿದವರಿಗೆ ದಕ್ಕುವುದೆಂದು ಆ ಪಕ್ಷಿಯು ನಡೆದು ತೋರಿಸಿದೆ. ಸ್ವಹಿತವೂ ಪರಹಿತವೂ ಅದರ ಒಂದೇ ಕೂಗಿನಲ್ಲಿ ಅಡಗಿವೆ. ಶ್ರಾದ್ಧದ ದಿನ ಪಿಂಡವನ್ನಿಟ್ಟು ಕಾಗೆಯ ಹಾದಿ ಕಾಯುವ ನಾವು, ಮರುದಿನ ಅದನ್ನೇ ಅಪಶಕುನವೆಂದು ಕಲ್ಲೆಸೆದು ಓಡಿಸುತ್ತೇವೆ. ಅಂಗಳಕ್ಕೆ ಬಂದ ಈ ಅತಿಥಿಯನ್ನು ಒಂದು ಗಳಿಗೆ ನಿಂತು ನೋಡಿದರೆ, ಕಲಿಯತಕ್ಕದ್ದು ನಮ್ಮಲ್ಲಿಯೂ ಬಹಳವಿದೆಯೆಂಬುದು ಮನದಟ್ಟಾದೀತು.